ಕಪ್ ಬಂದ ಮ್ಯಾಲ

ಆಟಗಾರರಿಗೆ ಯಾವುದು ಬಿಡುವಿನ ಕಾಲವೋ ನಮ್ಮ ಕಡೆಯವರಿಗೆ ಅದೇ ದುಡಿಮೆಯ ಕಾಲ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಎತ್ತಿತು. ಅದೇ ತಿಂಗಳು ನಮ್ಮವರು ತೊಗರಿ ಬಿತ್ತಲು ಹೊಲಕ್ಕಿಳಿದರು. ಕಳೆ ತೆಗೆದರು, ಔಷಧ ಹೊಡೆದರು. ಸೆಪ್ಟೆಂಬರ್ ಕೊನೆಗೆ ಭೀಮಾ ಉಕ್ಕಿ ದಂಡೆಯ ಹೊಲಗಳನ್ನು ನುಂಗಿದಾಗ ಕೆಲವರು ಕಾಳಜಿ ಕೇಂದ್ರದ ಅನ್ನ ಉಂಡರು. ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ಆಟಗಾರರ ಹರಾಜು ನಡೆಯುವ ಹೊತ್ತಿಗೆ ಇಲ್ಲಿ ಹೊಸ ತೊಗರಿಯ ಮೊದಲ ಚೀಲಗಳು ಪೇಟೆ ಮುಟ್ಟತೊಡಗಿದ್ದವು. ಹೀಗಾಗಿ ಅಫಜಲಪುರದ ನಮ್ಮ ಕಾಕಾನ ಅಡತಿ ಅಂಗಡಿಯಲ್ಲಿ ಆ ದಿನ ಎರಡು ಸವಾಲು ಒಟ್ಟಿಗೇ ನಡೆದವು. ಒಂದು ಕಟ್ಟೆಯ ಮೇಲೆ ಕಾಳಿನದು, ಇನ್ನೊಂದು ಕಾಕಾನ ಮಗನ ಮೊಬೈಲಿನಲ್ಲಿ ಮನುಷ್ಯರದು.

ಈ ಮಗ, ಅಂದರೆ ನನ್ನ ತಮ್ಮ, ಕಲಬುರಗಿಯಲ್ಲಿ ಡಿಗ್ರಿ ಓದುತ್ತಾನೆ ಅಂತ ಹೆಸರು. ಅವನ ನಿಜವಾದ ಅಭ್ಯಾಸವೆಲ್ಲ ಆರ್‌ಸಿಬಿ. ಯಾರನ್ನು ಉಳಿಸಿಕೊಂಡರು, ಯಾರನ್ನು ಬಿಟ್ಟರು, ಕೈಯಲ್ಲಿ ಎಷ್ಟು ದುಡ್ಡಿದೆ, ಎಲ್ಲ ಬಾಯಿಪಾಠ. ಆ ದಿನ ಕೈಯಲ್ಲಿ 16.4 ಕೋಟಿ ಇದೆ ಅಂತ ಬೆಳಿಗ್ಗೆಯೇ ಅಂಗಡಿಗೆಲ್ಲ ಸಾರಿದ್ದ, ತನ್ನ ಖಾತೆಯಲ್ಲೇ ಇದ್ದಂತೆ.

ವೆಂಕಟೇಶ್ ಅಯ್ಯರ್ ಹೆಸರು ಬಂತು. ಆರ್‌ಸಿಬಿ 7 ಕೋಟಿಗೆ ಕೊಂಡಿತು. ಕಾಕಾ ಲೆಕ್ಕದ ಪುಸ್ತಕದಿಂದ ತಲೆ ಎತ್ತಿದರು.

"ಹ್ವಾದ ಸಲ ಎಷ್ಟಕ್ಕ ಹೋಗಿದ್ದ ಇವ?"

"23.75 ಕೋಟಿ ಅಪ್ಪಾ. ಕೋಲ್ಕತ್ತಾದವ್ರು ತಗೊಂಡಿದ್ರು."

"ಮಾಲು ಕೆಟ್ಟಿಲ್ಲ, ಪ್ಯಾಟಿ ಬಿದ್ದದ. ಚಲೋ ಖರೀದಿ."

ಟಿವಿಯಲ್ಲಿ ಕೋಟು ಹಾಕಿಕೊಂಡು ಕೂತ ಪಂಡಿತರು ಅರ್ಧ ಗಂಟೆ ಮಾತಾಡಿದ್ದನ್ನು ಕಾಕಾ ಒಂದೇ ಉಸುರಿಗೆ ಮುಗಿಸಿದರು. ಅವರಿಗೆ ಅದು ಹೊಸದಲ್ಲ. 2024ರಲ್ಲಿ ತೊಗರಿ ಕ್ವಿಂಟಲಿಗೆ 12 ಸಾವಿರ ಮುಟ್ಟಿದ್ದನ್ನು ಇದೇ ಕಟ್ಟೆಯ ಮೇಲೆ ಕಂಡವರು, ಮರುವರ್ಷದ ರಾಶಿಗೆ ಅದೇ ತೊಗರಿ 7 ಸಾವಿರದ ಆಸುಪಾಸಿಗೆ ಕುಸಿದಾಗ ರೈತರ ಮುಖ ನೋಡಲಾರದೆ ಒಳಗೆ ಹೋಗಿ ಕೂತವರು. 2025-26ರ ಹಂಗಾಮಿಗೆ ಸರ್ಕಾರ ಕಟ್ಟಿದ ಬೆಂಬಲ ಬೆಲೆ 8,000. ಕಟ್ಟೆಯ ಸವಾಲು ಆ ಗೆರೆ ಮುಟ್ಟುತ್ತಿರಲಿಲ್ಲ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಮಾನ್ಯತೆ ಸಿಕ್ಕ ಮಾಲಿಗೂ ಬೆಲೆ ಸಿಗಬೇಕೆಂದೇನೂ ಇಲ್ಲ. ವೆಂಕಟೇಶ್ ಅಯ್ಯರ್ ಬಂದು ಕೂತಿದ್ದರೆ ಕಾಕಾ ಬೆನ್ನು ಸವರಿ ಚಹಾ ಹೇಳುತ್ತಿದ್ದರು.

ಆಮೇಲೆ ಮಂಗೇಶ್ ಯಾದವ್. 30 ಲಕ್ಷದಿಂದ ಶುರುವಾದ ಕೂಗು 5.2 ಕೋಟಿಗೆ ನಿಂತಿತು.

"ಯಾರಿವ?"

"ಮಧ್ಯಪ್ರದೇಶದ ಎಡಗೈ ಬೌಲರ್."

"ನೀ ನೋಡಿಯೇನು?"

"ಇಲ್ಲಪ್ಪಾ, ಇನ್ನೂ ಯಾರೂ ಭಾಳ ನೋಡಿಲ್ಲ."

"ಹಂಗಂದ್ರ ಯಾರೋ ಚೀಲದಾಗ ಕೈ ಹಾಕಿ ನೋಡ್ಯಾರ. ಸುಮ್ನ ಇಷ್ಟು ಕೂಗಂಗಿಲ್ಲ."

ತಮ್ಮನ ಸಿಟ್ಟು ಬೇರೆ ಕಡೆ ಇತ್ತು. ನವೆಂಬರಿನಲ್ಲಿ ತಂಡ ಕೈಬಿಟ್ಟವರ ಪಟ್ಟಿ ಬಂದಾಗ ಲಿವಿಂಗ್‌ಸ್ಟನ್, ಎನ್‌ಗಿಡಿ ಹೋದದ್ದಕ್ಕೆ ಅವನು ಹುಬ್ಬನ್ನೂ ಏರಿಸಿರಲಿಲ್ಲ. ಅದೇ ಪಟ್ಟಿಯಲ್ಲಿ ಮಯಂಕ್ ಅಗರವಾಲ್ ಇದ್ದರು, ಮನೋಜ್ ಭಾಂಡಗೆ ಇದ್ದರು. ಮಯಂಕ್ ಬೆಂಗಳೂರಿನವರು, ಅವರ ಚಿಂತೆ ಬೆಂಗಳೂರಿನವರು ಮಾಡಲಿ. ಮನೋಜ್ ರಾಯಚೂರಿನವರು, ಅಂದರೆ ನಮ್ಮ ಸೀಮೆಯವರು. ಮೂರು ವರ್ಷ ತಂಡದ ಜೊತೆ ಇದ್ದರು. ಅದರಲ್ಲಿ ಹೆಚ್ಚಿನ ಪಾಲು ಬೆಂಚಿನ ಮೇಲೆ. 2025ರ ಏಪ್ರಿಲಿನಲ್ಲಿ ಪಂಜಾಬ್ ಜೊತೆಗಿನ ಆಟ ಮಳೆಯಿಂದ 14 ಓವರಿಗೆ ಇಳಿದು, ನಮ್ಮ ವಿಕೆಟ್ಟುಗಳು ಒಂದರ ಹಿಂದೊಂದು ಉದುರುತ್ತಿದ್ದಾಗ ಅವರನ್ನು ಕಳಿಸಿದರು. ಮನೆ ಹೊತ್ತಿ ಉರಿಯುವಾಗ ಕೈಗೆ ತಂಬಿಗೆ ಕೊಟ್ಟು, ಆರಿಸಲಿಲ್ಲ ಅಂತ ಹೊರಗೆ ಹಾಕುವ ನ್ಯಾಯ ಇದು ಅನ್ನುವುದು ತಮ್ಮನ ವಾದ. ಹರಾಜು ಮುಗಿದಾಗ ಆರ್‌ಸಿಬಿ ಎಂಟು ಜನರನ್ನು ಕೊಂಡಿತ್ತು, ಒಬ್ಬನೂ ಕರ್ನಾಟಕದವನಲ್ಲ. "ಅಣ್ಣಾ, ನಮ್ಮ ಟೀಮು ಅನ್ಬೇಕೋ ಬ್ಯಾಡೋ ಹೇಳು" ಎಂದು ನನ್ನನ್ನೇ ಸಾಕ್ಷಿಗೆ ಕರೆದ.

ನಾನು ಜೇವರ್ಗಿಯಲ್ಲಿ ನೌಕರಿ ಮಾಡುವವ, ಮೂಲ ಆಳಂದದವ, ಎರಡೂ ಕಡೆ ಹಾಸಿಗೆ ಇಟ್ಟುಕೊಂಡ ಮನುಷ್ಯ. ಇಂಥ ಪ್ರಶ್ನೆಗೆ ನನ್ನ ಉತ್ತರ ಅಷ್ಟು ನೇರವಾಗಿರುವುದಿಲ್ಲ. 2008ರ ಏಪ್ರಿಲ್ 18ರಂದು ಮೊದಲ ಆಟದಲ್ಲೇ ಮೆಕಲಂ 158 ಹೊಡೆದು, ನಮ್ಮವರು 82ಕ್ಕೆ ಮಡಚಿಕೊಂಡಾಗ ಕ್ಯಾಪ್ಟನ್ ರಾಹುಲ್ ದ್ರಾವಿಡ್. ಮರುವರ್ಷ ಫೈನಲ್ ತನಕ ಒಯ್ದವರು ಅನಿಲ್ ಕುಂಬ್ಳೆ. ನಮ್ಮವರೇ ಇದ್ದಾಗಲೂ ಸೋತೆವು, ಗೇಲ್ ಇದ್ದಾಗಲೂ ಸೋತೆವು. ಅಭಿಮಾನಕ್ಕೆ ರಹವಾಸಿ ಪ್ರಮಾಣಪತ್ರ ಕೇಳಿದವರು ಯಾರೂ ಇರಲಿಲ್ಲ. ಆ ಮಾತಿಗೆ ಬಂದರೆ ತಂಡದ ಹೆಸರೇ ಒಂದು ವಿಸ್ಕಿಯ ನೆಂಟಸ್ತಿಕೆಯಿಂದ ಬಂದದ್ದು. ಕೊರಳಲ್ಲಿ ಲಿಂಗ ಕಟ್ಟಿದ ನಮ್ಮ ಕಾಕಾ, ಬೀಡಿಯ ಹೊಗೆಗೂ ಮೂಗು ಮುಚ್ಚುವವರು, ಮಗನಿಗೆ ಆ ಅಂಗಿಯನ್ನು ಕಲಬುರಗಿಯಿಂದ ತಾವೇ ತಂದುಕೊಟ್ಟಿದ್ದಾರೆ.

2009ರ ಫೈನಲ್ ನಾನು ನೋಡಿದ್ದು ಆಳಂದದ ಮನೆಯಲ್ಲಿ, ಮುತ್ಯಾನ ಪಕ್ಕದಲ್ಲಿ ಕೂತು. ಜೊಹಾನ್ಸ್‌ಬರ್ಗಿನಲ್ಲಿ ಕುಂಬ್ಳೆ 16 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತರು, ಆದರೂ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿಗೆ ಸೋತೆವು. ಮನೆಯ ಹುಡುಗರೆಲ್ಲ ಊಟ ಬಿಟ್ಟರು. ಮುತ್ಯಾ ಮಾತ್ರ ನಮ್ಮ ಆಯಿಗೆ ಇನ್ನೊಂದು ಕಪ್ಪು ಚಹಾ ಕೇಳಿದರು. ಯಾಕೆ ಇಷ್ಟು ಖುಷಿ ಅಂದರೆ, "ಹೈದರಾಬಾದ್ ಗೆದ್ದದಲ್ಲೋ" ಅಂದುಬಿಟ್ಟರು!

ಮನೆಯೊಳಗೇ ಹೀಗೊಬ್ಬ ಎದುರಾಳಿ ಇದ್ದುದು ನಮಗೆ ಅಂದೇ ಗೊತ್ತಾದದ್ದು. ಮುತ್ಯಾ ಓದಿದ್ದು ಉರ್ದುವಿನಲ್ಲಿ, ಹೈದರಾಬಾದಿನಲ್ಲಿ, 50ರ ದಶಕದ ಆರಂಭದಲ್ಲಿ. ಆಗ ಆಳಂದ, ಅಫಜಲಪುರ, ಜೇವರ್ಗಿ ಎಲ್ಲವೂ ಹೈದರಾಬಾದ್ ರಾಜ್ಯ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಮುಗಿದರೂ ರಾಜ್ಯ ಇನ್ನೂ ಒಡೆದಿರಲಿಲ್ಲ. ಮತ್ತು ಆ ಕಾಲದಲ್ಲಿ ಹೈದರಾಬಾದ್ ಅಂದರೆ ಫುಟ್‌ಬಾಲ್. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರ ತನಕ ಸಾಲಾಗಿ ಐದು ವರ್ಷ ಬಾಂಬೆಯ ರೋವರ್ಸ್ ಕಪ್ ಗೆದ್ದಿತ್ತು. 1950ರಲ್ಲಿ ಡ್ಯುರಾಂಡ್ ಕಪ್ಪಿನ ಫೈನಲ್ಲಿನಲ್ಲಿ ಮೋಹನ್ ಬಾಗಾನನ್ನೇ ಮಣಿಸಿತ್ತು. ತರಬೇತುದಾರ ಸೈಯದ್ ಅಬ್ದುಲ್ ರಹೀಮ್, ಮುತ್ಯಾನ ಬಾಯಲ್ಲಿ ಯಾವಾಗಲೂ 'ರಹೀಮ್ ಸಾಹೇಬ್ರು'. ಅಜೀಜ್, ನೂರ್ ಅಂತ ಹೆಸರು ಹೇಳುವಾಗ ಅವರ ದನಿಯಲ್ಲಿ ಒಂದು ಮೆರವಣಿಗೆ ಹೊರಡುತ್ತಿತ್ತು. ಕಪ್ ಹೊತ್ತು ತಂದವರು ಮರುದಿನ ಅದೇ ಖಾಕಿ ತೊಟ್ಟು ಡ್ಯೂಟಿಗೆ ಹೋಗುತ್ತಿದ್ದರು ಅನ್ನುವುದು ಅವರಿಗೆ ಗೋಲುಗಳಿಗಿಂತ ದೊಡ್ಡ ಸಂಗತಿ.

1956ರ ನವೆಂಬರ್ 1ಕ್ಕೆ ನಮ್ಮ ಮೂರೂ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡದ ಮನೆ ಒಂದಾಯಿತು. ಮುತ್ಯಾನಿಗೆ ಅದು ಬೇಕಾದದ್ದೇ. ಆದರೆ ರಾಜ್ಯ ಬದಲಾದದ್ದು ಸರ್ಕಾರದ ಕಾಗದದಲ್ಲಿ, ತಂಡ ಬದಲಾಯಿಸಿಕೊಳ್ಳಿ ಅಂತ ಯಾವ ಕಾಗದವೂ ಬರಲಿಲ್ಲ. ಒಂದು ತಿಂಗಳಿಗೆ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ರಹೀಮ್ ಸಾಹೇಬರ ಭಾರತ ತಂಡ ನಾಲ್ಕನೆಯ ಸ್ಥಾನಕ್ಕೆ ಏರಿತು. ಆ ಸಾಲಿನ ಸಂತೋಷ್ ಟ್ರೋಫಿಯನ್ನು ಹೈದರಾಬಾದ್ ಗೆದ್ದಿತು, ಮರುವರ್ಷವೂ ಗೆದ್ದಿತು. ನಾವು ಬಿಟ್ಟು ಬಂದ ಕೂಡಲೇ ಅವರಿಗೆ ಕಪ್ಪು! ಮೈಸೂರಿಗೆ ಆ ಟ್ರೋಫಿ ಮತ್ತೆ ಸಿಕ್ಕಿದ್ದು 60ರ ದಶಕದ ಕೊನೆಗೆ. ಅಷ್ಟರಲ್ಲಿ ಮುತ್ಯಾ ಫುಟ್‌ಬಾಲಿನ ಮಾತು ಬಿಟ್ಟಿದ್ದರು. ತುಳಸೀದಾಸ್ ಬಲರಾಮ್ ಹೈದರಾಬಾದ್ ಬಿಟ್ಟು ಕಲ್ಕತ್ತಾದ ಈಸ್ಟ್ ಬೆಂಗಾಲಿಗೆ ಹೋದದ್ದನ್ನು ಅವರು ಕೊನೆಯವರೆಗೂ ಮನೆಯ ಮಗ ಬೇರೆಯಾದಂತೆ ಹೇಳುತ್ತಿದ್ದರು. ತಮ್ಮ ಇಂದು ಮನೋಜ್ ಭಾಂಡಗೆಗಾಗಿ ಮರುಗುವುದು ಅವನಿಗೆ ನೆನಪಿಲ್ಲದ ಮುತ್ಯಾನಿಂದ ಬಂದ ಗುಣ ಇರಬೇಕು.

2016ರ ಫೈನಲ್ ಹೊತ್ತಿಗೆ ಮುತ್ಯಾ ಇರಲಿಲ್ಲ. ಚಿನ್ನಸ್ವಾಮಿಯಲ್ಲೇ ಆಟ, ಎದುರಿಗೆ ಮತ್ತೆ ಹೈದರಾಬಾದು, ಈ ಸಲ ಸನ್‌ರೈಸರ್ಸ್ ಹೆಸರಿನಲ್ಲಿ. 8 ರನ್ನಿಗೆ ಸೋತಾಗ ಆಯಿ ಗೋಡೆಯ ಮೇಲಿನ ಫೋಟೋ ಕಡೆ ತಿರುಗಿ, "ಅಲ್ಲಿ ಕುಂತು ಚಹಾ ಕುಡೀಲತ್ತಾನ ನಿಮ್ಮ ಮುತ್ಯಾ" ಅಂದಳು.

ಕಪ್ಪನ್ನು ಮೊದಲು ಮನೆಗೆ ತಂದವರು ಹೆಣ್ಣುಮಕ್ಕಳು, ಇದನ್ನು ನಮ್ಮ ಹುಡುಗರು ಯಾಕೋ ಬೇಗ ಮರೆಯುತ್ತಾರೆ. 2024ರ ಮಾರ್ಚ್ 17ರಂದು ದಿಲ್ಲಿಯಲ್ಲಿ ಡೆಲ್ಲಿ ತಂಡವನ್ನು 113ಕ್ಕೆ ಕಟ್ಟಿಹಾಕಿದಾಗ 12 ರನ್ನಿಗೆ ನಾಲ್ಕು ವಿಕೆಟ್ ತೆಗೆದವಳು ಶ್ರೇಯಾಂಕಾ ಪಾಟೀಲ್, ಕಲಬುರಗಿ ಮೂಲದ ಹುಡುಗಿ. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ಅವಳದೇ. ತಮ್ಮನ ತಕರಾರಿಗೆ ನಾನು ಕೊಟ್ಟ ಉತ್ತರ ಇಷ್ಟೇ: ನಮ್ಮವರು ಇಲ್ಲ ಅಂತ ಯಾರಂದರು, ನೀನು ನೋಡುವ ಪಟ್ಟಿಯಲ್ಲಿ ಇಲ್ಲ. ಆ ಫೈನಲ್ ಆಗಿ ಎರಡು ದಿನ ಬಿಟ್ಟು ಚಿನ್ನಸ್ವಾಮಿಯಲ್ಲಿ ಗಂಡಸರ ತಂಡ ಸಾಲಾಗಿ ನಿಂತು ಚಪ್ಪಾಳೆ ತಟ್ಟಿ ಹೆಣ್ಣುಮಕ್ಕಳನ್ನು ಬರಮಾಡಿಕೊಂಡಿತು. ಅದೇ ಸಂಜೆ ತಂಡದ ಹೆಸರಿನಲ್ಲಿದ್ದ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂತು. ಗುಲ್ಬರ್ಗ ಕಲಬುರಗಿಯಾದ 2014ರ ಅದೇ ನವೆಂಬರ್ 1ರಂದು ಬೆಂಗಳೂರಿನ ಹೆಸರೂ ಬದಲಾಗಿತ್ತು, ತಂಡಕ್ಕೆ ಸುದ್ದಿ ಮುಟ್ಟಲು ಒಂಬತ್ತು ವರ್ಷ ಮೀರಿತು.

ಜೂನ್ 3ರ ರಾತ್ರಿಯ ಬಗ್ಗೆ ಹೇಳಲು ಹೆಚ್ಚಿಲ್ಲ, ಎಲ್ಲರೂ ಕಂಡದ್ದೇ. ಹೇಜಲ್‌ವುಡ್ ಕೊನೆಯ ಓವರ್, ಶಶಾಂಕ್ ಸಿಂಗ್ ಹೊಡೆದ ಸಿಕ್ಸರುಗಳು, ಆಟ ಮುಗಿಯುವ ಮೊದಲೇ ಕಣ್ಣು ಮುಚ್ಚಿಕೊಂಡ ಕೊಹ್ಲಿ. ಗೆದ್ದದ್ದು 6 ರನ್ನಿನಿಂದ, 2009ರಲ್ಲಿ ಸೋತ ಅದೇ 6. ಹೈದರಾಬಾದಿಗೆ ಕೊಟ್ಟ ಸಾಲ ಪಂಜಾಬಿನಿಂದ ವಸೂಲಾಯಿತು ಅಂತ ಕಾಕಾ ಫೋನಿನಲ್ಲೇ ಜಮಾ ಮಾಡಿಕೊಂಡರು. ಜೇವರ್ಗಿಯಲ್ಲಿ ಹಲಗೆ ಬಂತು, ಗುಲಾಲು ಬಂತು, ಬೈಕುಗಳ ಸೈಲೆನ್ಸರ್ ಕೂಗಿದವು. ಚುನಾವಣೆ ಗೆದ್ದವರ ಮೆರವಣಿಗೆಯಲ್ಲಿ ಎರಡು ಪಕ್ಷ ಇರುತ್ತವೆ, ಅಂದು ಒಂದೇ ಇತ್ತು.

ಮರುದಿನ ಸಂಜೆ ಬೆಂಗಳೂರಿನಿಂದ ಬಂದ ಸುದ್ದಿಗೆ ಹಲಗೆ ನಿಂತಿತು. ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಗೇಟುಗಳ ಬಳಿ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತಿದ್ದರು, ಹೆಚ್ಚಿನವರು ಹರೆಯದವರು. ನಮ್ಮ ತಾಲ್ಲೂಕುಗಳ ಒಂದೊಂದು ಓಣಿಯಿಂದಲೂ ಬೆಂಗಳೂರಿಗೆ ಗಾರೆ ಕೆಲಸಕ್ಕೋ, ಕಂಪನಿಗೋ, ಓದಿಗೋ ಹೋದ ಹುಡುಗರಿದ್ದಾರೆ. ಅಂದು ರಾತ್ರಿ ತಾಯಂದಿರೆಲ್ಲ ಫೋನು ಹಿಡಿದು ಕೂತಿದ್ದರು; ಎತ್ತದಿದ್ದರೆ ಮತ್ತೆ ಹಚ್ಚುವುದು, 'ರೂಮಿನ್ಯಾಗ ಅದಿನಬೇ' ಅನ್ನುವ ದನಿ ಕೇಳಿದ ಮೇಲೆ ಬೈಯುವುದು. ಆಳಂದದಲ್ಲಿ ಹುಡುಗರು ಡಿಜೆಗೆ ಕೊಟ್ಟ ಮುಂಗಡ ವಾಪಸು ತಂದರು. ಆಯೋಗ ಕೂತಿತು, ಕೋರ್ಟು ಪ್ರಶ್ನೆ ಕೇಳಿತು. ಹದಿನೆಂಟು ವರ್ಷ ಕಾದವರಿಗೆ ಇನ್ನೊಂದು ವಾರ ಕಾಯಿರಿ ಅಂದಿದ್ದರೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ ಎಂಬುದು ನನ್ನ ತಿಳುವಳಿಕೆ.

ಅದಕ್ಕೋ ಏನೋ, ಕಪ್ ಬಂದ ಮೇಲೆ ನಮ್ಮ ಹುಡುಗರ ಮಾತಿನ ಧಾಟಿ ಬದಲಾಗಿದೆ. ಸೋಲುವ ಕಾಲದಲ್ಲಿ ಅವರು ಹಾಡಿಕೊಂಡು, ನಕ್ಕುಕೊಂಡು, ತಮ್ಮ ಮೇಲೆ ತಾವೇ ಜೋಕು ಮಾಡಿಕೊಂಡು ಇರುತ್ತಿದ್ದರು. ಸುಸಲಾ ಮಿರ್ಚಿ ತಿನ್ನುತ್ತ ಮುಂದಿನ ವರ್ಷದ ಆಸೆ ಹಂಚಿಕೊಳ್ಳುತ್ತಿದ್ದರು. ಈಗ ಆಡಿಟರುಗಳಾಗಿದ್ದಾರೆ. ಏಳನೆಯ ನಂಬರಿಗೆ ಯಾರು, ಹೇಜಲ್‌ವುಡ್ಡಿಗೆ ಗಾಯವಾದರೆ ಯಾರು, ಅದಕ್ಕೇ ಏನು ಜೇಕಬ್ ಡಫಿಗೆ 2 ಕೋಟಿ? ಉಳಿಸಿಕೊಳ್ಳಲು ಏನೂ ಇಲ್ಲದವನ ಧೈರ್ಯವೇ ಬೇರೆ ಇತ್ತು. ನವೆಂಬರಿನಲ್ಲಿ ಮಾಲೀಕ ಕಂಪನಿ ತಂಡವನ್ನು ಮಾರುವ ಯೋಚನೆಯಲ್ಲಿದೆ ಅಂತ ಸುದ್ದಿ ಬಂದಾಗಲಂತೂ, ಪಿತ್ರಾರ್ಜಿತ ಆಸ್ತಿಯ ಪಹಣಿಯಿಂದ ತಮ್ಮ ಹೆಸರು ಹೊಡೆದು ಹಾಕಿದವರ ಹಾಗೆ ಕೂತಿದ್ದರು.

ಎಲ್ಲಕ್ಕಿಂತ ದೊಡ್ಡ ಜಗಳ ಆಳಂದದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಆಯಿತು. ಕಾಲ್ತುಳಿತದ ಮೇಲೆ ಚಿನ್ನಸ್ವಾಮಿಯಲ್ಲಿ ಆಟ ಬೇಡವೆಂದು ಮಹಿಳಾ ವಿಶ್ವಕಪ್ಪಿನ ಪಂದ್ಯಗಳನ್ನು ನವಿ ಮುಂಬಯಿಗೆ ಒಯ್ದಿದ್ದರು. ಇನ್ನು ಆರ್‌ಸಿಬಿಯ ತವರಿನ ಆಟಗಳೂ ಪುಣೆಗೆ ಹೋಗುತ್ತವಂತೆ ಅಂತ ಪುಕಾರು. ಡಿಸೆಂಬರ್ ಮೊದಲ ವಾರ ವೆಂಕಟೇಶ್ ಪ್ರಸಾದ್ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದ ಮೇಲೂ ಆ ಗುಸುಗುಸು ನಿಂತಿರಲಿಲ್ಲ. ತಮ್ಮ ಕುದಿಯುತ್ತಿದ್ದ.

ಕಾಕಾ ಸಮಾಧಾನವಾಗಿ ಚಹಾ ಬಶಿಗೆ ಸುರಿದುಕೊಂಡರು. "ಪುಣಾ ಆದ್ರ ನಮಗೇ ಚಲೋ ಅಲ್ಲೇನೋ? ಬೆಂಗಳೂರಿಗಿಂತ ಹತ್ರ. ಕಲಬುರಗ್ಯಾಗ ಅದೇ ಉದ್ಯಾನ ಎಕ್ಸ್‌ಪ್ರೆಸ್ ಹತ್ತೂದು. ಆ ಕಡಿ ಮುಖ ಮಾಡಿದ್ದು ಬ್ಯಾಡ, ಈ ಕಡಿ ಮುಖ ಮಾಡಿದ್ದು ಹತ್ತು."

"ನಾ ಹೋಗಂಗಿಲ್ಲ."

"ಟಿಕೀಟಿನ ರೊಕ್ಕ ನಾ ಕೊಡ್ತೀನಿ."

"ರೊಕ್ಕದ ಮಾತಲ್ಲಪ್ಪಾ. ಆರ್‌ಸಿಬಿ ಪುಣಾದಾಗ ಆಡಿದ್ರ ಅದು ಬ್ಯಾರೆಯವರ ಊರು."

"ಬೆಂಗಳೂರು ಯಾವಾಗ ನೋಡಿಯೋ ನೀ?"

ತಮ್ಮ ಇನ್ನೂ ಬೆಂಗಳೂರು ನೋಡಿಲ್ಲ. ಒಂದು ಕ್ಷಣ ತಡೆದು, ಹೋಟೆಲಿನವನಿಗೆ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿ, ಆ ಲೆಕ್ಕವನ್ನೂ ಕಾಕಾನ ಹೆಸರಿಗೇ ಬರೆಸಿದ.