ಕಾರ್ನರ್‌ನಿಂದ ಕಟ್ಟಬೇಕು

ಕಬಡ್ಡಿ ನೋಡುವುದಕ್ಕಿಂತ ಕಬಡ್ಡಿ ತಂಡ ಕಟ್ಟುವುದನ್ನು ನೋಡುವುದು ನನಗೆ ಹೆಚ್ಚು ಇಷ್ಟ. ಪಂದ್ಯ ನಲವತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ತಂಡದ ಲೆಕ್ಕಾಚಾರ ಹಾಗಲ್ಲ, ಹೊಲಕ್ಕೆ ಹೋಗುವಾಗಲೂ ಬಸ್ಸಿಗೆ ಕಾಯುವಾಗಲೂ ತಲೆಯಲ್ಲಿ ನಡೆಯುತ್ತಲೇ ಇರುತ್ತದೆ. ಅದರಲ್ಲೂ ಹೊಸ ಕೋಚ್ ಬಂದ ವರ್ಷದ ರುಚಿಯೇ ಬೇರೆ. ಯಾರನ್ನು ಉಳಿಸಿಕೊಂಡ, ಯಾರನ್ನು ಬಿಟ್ಟ, ಹೊರಗಿನಿಂದ ಯಾರನ್ನು ಕರೆತಂದ ಎಂಬುದನ್ನು ನೋಡಿದರೆ ಸಾಕು, ಆ ಮನುಷ್ಯನಿಗೆ ಆಟ ಹೇಗೆ ಕಾಣುತ್ತದೆ ಎಂಬುದು ಒಂದೂ ಪಂದ್ಯ ಆಡುವ ಮೊದಲೇ ತಿಳಿದುಬಿಡುತ್ತದೆ.

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ತೇರಿನ ಜೊತೆಗೆ ಕುಸ್ತಿ, ಕುಸ್ತಿಯ ಜೊತೆಗೆ ಕಬಡ್ಡಿ. ತೊಗರಿ ರಾಶಿ ಮುಗಿದಿರುತ್ತದೆ, ಜೋಳ ಹೊಲದಲ್ಲೇ ಇರುತ್ತದೆ. ಗುಡಿಯ ಮುಂದಿನ ಬಯಲಲ್ಲಿ ಹೆಂಟೆ ಒಡೆದು, ನೀರು ಹೊಡೆದು, ಮಣ್ಣು ಹದ ಮಾಡಿ ಸುಣ್ಣದ ಗೆರೆ ಎಳೆಯುತ್ತಾರೆ. ಸುತ್ತ ಕಂಬ ನಿಲ್ಲಿಸಿ ಲೈಟು ಕಟ್ಟುತ್ತಾರೆ. ಬಹಳಷ್ಟು ಕಡೆ ತೂಕದ ಪಂದ್ಯ. ಇಂತಿಷ್ಟು ಕೆ.ಜಿ. ಒಳಗಿನವರೇ ಆಡಬೇಕು. ಬೆಳಿಗ್ಗೆಯಿಂದ ಉಪವಾಸವಿದ್ದ ಹುಡುಗರು ಅಂಗಿ ಕಳಚಿ ತೂಕದ ಯಂತ್ರದ ಮೇಲೆ ನಿಂತು ಉಸಿರು ಬಿಗಿಹಿಡಿಯುವುದನ್ನು ನೋಡಬೇಕು. ಮುಳ್ಳು ಗೆರೆಯ ಈಚೆ ನಿಂತರೆ ಅರ್ಧ ಪಂದ್ಯ ಗೆದ್ದ ಸಂತೋಷ.

ಇಲ್ಲಿ ತಂಡ ಪ್ರತಿ ವರ್ಷವೂ ಒಡೆಯುತ್ತದೆ. ಒಬ್ಬ ಗೋವಾಕ್ಕೆ ದುಡಿಯಲು ಹೋಗಿರುತ್ತಾನೆ, ಇನ್ನೊಬ್ಬ ಮಿಲ್ಟ್ರಿ ಸೇರಿರುತ್ತಾನೆ, ಮತ್ತೊಬ್ಬನಿಗೆ ಲಗ್ನವಾಗಿ ಮನೆಯ ಭಾರ ಬಿದ್ದಿರುತ್ತದೆ. ಉಳಿದವರಲ್ಲೇ ಏಳು ಮಂದಿಯನ್ನು ನಿಲ್ಲಿಸಬೇಕು. ನಮ್ಮೂರಿಗೆ ಒಬ್ಬ ಹೊಸ ಪಿ.ಟಿ. ಮಾಸ್ತರು ಬಂದ ವರ್ಷ ನಾನು ಈ ಕೆಲಸವನ್ನು ಹತ್ತಿರದಿಂದ ಕಂಡೆ. ಹುಡುಗರೆಲ್ಲ ಊರಿನ ಹೆಸರಾಂತ ರೈಡರ್‌ನನ್ನೇ ಮುಂದೆ ನಿಲ್ಲಿಸಿದರು.

“ಸರ, ಇಂವ ಒಂದ ರೈಡಿಗೆ ಮೂರ ಮಂದೀನ ಮುಟ್ಟಿ ಬರ್ತಾನ್ರೀ.”

“ಬರಲಿ ತಮ್ಮಾ. ಇಂವ ಔಟಾಗಿ ಹೊರಗ ಕುಂತಾಗ ಇವನ್ನ ಒಳಗ ಕರಕೊಂಡ ಬರಾವ್ರು ಯಾರು? ಮೊದಲ ನನಗ ಎರಡ ಕಾರ್ನರ್ ತೋರಸ್ರಿ.”

ಕಬಡ್ಡಿಯ ಒಳಗುಟ್ಟೆಲ್ಲ ಆ ಪ್ರಶ್ನೆಯಲ್ಲಿದೆ. ಔಟಾದವನು ತಾನಾಗಿ ಎದ್ದು ಬರುವಂತಿಲ್ಲ. ಒಳಗಿರುವವರು ಎದುರಾಳಿಯನ್ನು ಔಟ್ ಮಾಡಿದಾಗ ಒಬ್ಬೊಬ್ಬರಾಗಿ ಬರಬೇಕು. ಹಿಡಿಯುವವರು ಗಟ್ಟಿಯಿಲ್ಲದ ತಂಡದಲ್ಲಿ ಎಂಥ ರೈಡರ್ ಇದ್ದರೂ ಅರ್ಧ ಪಂದ್ಯ ಗೆರೆಯಾಚೆ ಕುಳಿತೇ ಕಳೆಯುತ್ತಾನೆ. ಆಮೇಲೆ ಮಾಸ್ತರು ವಾರವೆಲ್ಲ ಮಾಡಿಸಿದ್ದು ಒಂದೇ ಪಾಠ. ಎಡ ಕಾರ್ನರ್‌ನಲ್ಲಿ, ಅಂದರೆ ಹಿಡಿಯುವವರ ಸಾಲಿನ ಎಡ ತುದಿಯಲ್ಲಿ, ಒಬ್ಬನನ್ನು ಮೊಣಕಾಲು ಮಡಚಿ, ಕೈ ಕೆಳಗಿಟ್ಟು ನಿಲ್ಲಿಸಿದರು. ರೈಡರ್‌ನ ಕೈ ನೋಡಬೇಡ, ಸೊಂಟ ನೋಡು ಎಂದರು. ಕೈ ಸುಳ್ಳು ಹೇಳಬಹುದು, ಸೊಂಟ ಹೇಳುವುದಿಲ್ಲ. ಅವನು ಬೋನಸ್ ಗೆರೆ ದಾಟಲು ಒಂದು ಕಾಲು ಚಾಚಿ ಇನ್ನೊಂದನ್ನು ಎತ್ತುವ ಕ್ಷಣ ಒಂದಿದೆಯಲ್ಲ, ಆಗ ಅವನ ಭಾರವೆಲ್ಲ ಒಂದೇ ಪಾದದ ಮೇಲಿರುತ್ತದೆ. ಕಾರ್ನರ್‌ನವನು ಹಿಮ್ಮಡಿಗೆ ಕೈ ಹಾಕಬೇಕಾದದ್ದು ಆಗಲೇ. ಅರ್ಧ ಕ್ಷಣ ಮೊದಲು ಹಾಕಿದರೆ ಕೈ ಮುಟ್ಟಿಸಿಕೊಂಡು ಓಡುತ್ತಾನೆ, ತಡವಾದರೆ ಆಗಲೇ ತಿರುಗಿರುತ್ತಾನೆ. ಹಿಮ್ಮಡಿ ಸಿಕ್ಕ ಕೂಡಲೇ ಆ ಕಡೆಯ ಕವರ್, ಅಂದರೆ ಕಾರ್ನರ್‌ಗೂ ಸಾಲಿನ ನಡುವಿಗೂ ಮಧ್ಯೆ ನಿಲ್ಲುವವನು, ಅಡ್ಡ ಬಂದು ದಾರಿ ಕಟ್ಟಬೇಕು. ಇಬ್ಬರಿಗೂ ಒಂದೇ ಉಸಿರು ಇರಬೇಕು. ನೊಗಕ್ಕೆ ಜೋಡಿ ಎತ್ತು ಹುಡುಕುವಾಗ ನಮ್ಮ ರೈತ ಬಲಕ್ಕಿಂತ ಮೊದಲು ಹೆಜ್ಜೆ ಹೊಂದುತ್ತದೆಯೇ ಎಂದು ನೋಡುತ್ತಾನಲ್ಲ, ಮಾಸ್ತರು ನೋಡಿದ್ದೂ ಅದನ್ನೇ.

ಇದೇ ಕಣ್ಣಿನಿಂದ ನಾನು 2025ರಲ್ಲಿ ಪ್ರೊ ಕಬಡ್ಡಿ ಲೀಗ್‌ನ ಬೆಂಗಳೂರು ಬುಲ್ಸ್ ತಂಡವನ್ನು ನೋಡಿದೆ. ಲೀಗ್ 2014ರಲ್ಲಿ ಶುರುವಾದಾಗಿನಿಂದ ಹನ್ನೊಂದು ಆವೃತ್ತಿಗಳಿಗೂ ಅಲ್ಲಿ ರಣಧೀರ್ ಸಿಂಗ್ ಸೆಹ್ರಾವತ್ ಅವರೇ ಕೋಚ್. ಆರನೇ ಆವೃತ್ತಿಯಲ್ಲಿ ಕಪ್ಪೂ ಬಂತು. 2019ರ ಜನವರಿಯ ಆ ಫೈನಲ್‌ನಲ್ಲಿ ಗುಜರಾತ್ ವಿರುದ್ಧ 38–33ರಲ್ಲಿ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದಿದ್ದ. ಒಬ್ಬ ದೊಡ್ಡ ರೈಡರ್, ಅವನ ಸುತ್ತ ಉಳಿದವರು. ಆ ಕಟ್ಟಡ ಆ ವರ್ಷ ನಿಂತಿತು. ಆದರೆ ಹನ್ನೊಂದನೇ ಆವೃತ್ತಿಯಲ್ಲಿ, ಲೀಗ್‌ನ ಅತಿ ಹೆಚ್ಚು ರೈಡ್ ಅಂಕಗಳ ಒಡೆಯ ಪ್ರದೀಪ್ ನರ್ವಾಲ್ ನಾಯಕನಾಗಿದ್ದರೂ 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಪಟ್ಟಿಯ ಕೊನೆಗೆ ಬುಲ್ಸ್.

ಆಮೇಲೆ ಕೋಚ್ ಆಗಿ ಬಂದವರು ನಮ್ಮವರೇ ಆದ ಬಿ.ಸಿ. ರಮೇಶ್. ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಅದಕ್ಕೂ ಮೊದಲು 2019ರಲ್ಲಿ ಬಂಗಾಳ ವಾರಿಯರ್ಸ್‌ಗೆ, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟವರು. ಆ ಪುಣೇರಿ ತಂಡದ ಆಟ ನನಗೆ ಇಂದಿಗೂ ಅಚ್ಚುಮೆಚ್ಚು. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಸರದಿಯಲ್ಲಿ ರೈಡಿಗೆ ಹೋಗುತ್ತಿದ್ದರು. ಯಾರೊಬ್ಬರ ಮೇಲೂ ಇಡೀ ಭಾರ ಇರಲಿಲ್ಲ. ಹಿಂದೆ ಹಿಡಿಯುವವರು ಕಾದು ಕೂರದೆ ತಾವೇ ಮುನ್ನುಗ್ಗಿ ಹಿಡಿಯುತ್ತಿದ್ದರು. ಫೈನಲ್‌ನಲ್ಲಿ ಹರಿಯಾಣ ಸ್ಟೀಲರ್ಸ್ ಎದುರು ಬಂದ ಫಲಿತಾಂಶ 28–25. ಹಿಡಿತದ ಆಟಕ್ಕೆ ಅದಕ್ಕಿಂತ ಒಳ್ಳೆಯ ಸ್ಕೋರ್ ಇಲ್ಲ.

2025ರ ಆಟಗಾರರ ಹರಾಜಿನ ದಿನ ಬುಲ್ಸ್ ಕೋಟಿ ಸುರಿದದ್ದು ರೈಡರ್‌ಗಲ್ಲ. ಬಲ ಕಾರ್ನರ್‌ಗೆ ಯೋಗೇಶ್ ದಹಿಯಾ ಬಂದ, ₹1.125 ಕೋಟಿಗೆ. ಎಡ ಕಾರ್ನರ್‌ಗೆ ಅಂಕುಶ್ ರಾಠಿ, ₹90 ಲಕ್ಷಕ್ಕೆ. ನಾನು ಕುಣಿದಾಡಿದೆ. ಪುಣೆಯಲ್ಲಿ ರಮೇಶ್ ಕೈಕೆಳಗೆ ಆಡಿ ಪಳಗಿದ್ದ ಆಕಾಶ್ ಶಿಂಧೆಯೂ ಬಂದ. ಕೋಚ್‌ನ ಭಾಷೆ ಮೊದಲೇ ಗೊತ್ತಿರುವ ಒಬ್ಬನಾದರೂ ತಂಡದಲ್ಲಿರಬೇಕು, ಉಳಿದವರು ಅವನನ್ನು ನೋಡಿ ಕಲಿಯುತ್ತಾರೆ. ಫುಟ್‌ಬಾಲ್‌ನಲ್ಲೂ ಇದೇ ರೀತಿ. ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ನಲ್ಲಿ 2023–24ರಲ್ಲಿ ಹತ್ತನೇ ಸ್ಥಾನಕ್ಕೆ ಕುಸಿದಾಗ ಸ್ಪೇನ್‌ನ ಕೋಚ್ ಜೆರಾರ್ಡ್ ಝರಗೋಝಾ ತಂಡವನ್ನು ಬಿಚ್ಚಿ ಕಟ್ಟಿದರು. ಹಿಂದೆ 2019ರ ಫೈನಲ್‌ನಲ್ಲಿ ಹೆಡರ್ ಹೊಡೆದು ಕಪ್ ಗೆಲ್ಲಿಸಿದ್ದ ಡಿಫೆಂಡರ್ ರಾಹುಲ್ ಭೇಕೆ ಮರಳಿ ಬಂದರು. ಮರುವರ್ಷ ತಂಡ ಫೈನಲ್ ಆಡಿತು.

ಪ್ರದೀಪ್‌ನನ್ನು ಬುಲ್ಸ್ ಬಿಟ್ಟಿತು. ಹರಾಜಿನಲ್ಲಿ ಬೇರೆ ಯಾರೂ ಕೊಳ್ಳಲಿಲ್ಲ. ಅವನು ನಿವೃತ್ತಿ ಹೇಳಿದ. 1,800ಕ್ಕೂ ಹೆಚ್ಚು ರೈಡ್ ಅಂಕ ಗಳಿಸಿದವನು ಹಾಗೆ ಹೋದದ್ದಕ್ಕೆ ನನಗೆ ಇಂದಿಗೂ ಸಂಕಟವಿದೆ. ತಂಡ ಕಟ್ಟುವ ಕೆಲಸದ ಕಹಿ ಇದು. ಅದನ್ನು ನುಂಗದೆ ಹೊಸ ತಂಡ ಏಳುವುದಿಲ್ಲ.

ಹೊಸ ಬುಲ್ಸ್ ಮೊದಲ ಮೂರು ಪಂದ್ಯ ಸೋತಿತು. ನಮ್ಮ ಕಟ್ಟೆಯ ಮೇಲೆ ಎಲ್ಲರೂ ಕೈಚೆಲ್ಲಿದರು. ನಾನು ಮಾತ್ರ ಸ್ಕೋರ್ ಬಿಟ್ಟು ಕಾರ್ನರ್‌ಗಳನ್ನೇ ನೋಡುತ್ತಿದ್ದೆ. ಅಲ್ಲಿ ಹೊಂದಾಣಿಕೆ ಪಂದ್ಯದಿಂದ ಪಂದ್ಯಕ್ಕೆ ಕೂಡಿಬರುತ್ತಿತ್ತು. ಕವರ್‌ನಲ್ಲಿ ದೀಪಕ್ ಶಂಕರ್ ಬೆಳೆದ. ಲೀಗ್‌ಗೇ ಹೊಸಬನಾದ ಇರಾನಿನ ಅಲಿರೆಜಾ ಮಿರ್ಝಾಯಿಯಾನ್ ತಂಡದ ದೊಡ್ಡ ರೈಡರ್ ಆದ. ಹಿಂದೆ ಹಿಡಿಯುವವರಿದ್ದಾರೆಂಬ ಧೈರ್ಯವಿದ್ದುದಕ್ಕೇ ಅವನು ಅಷ್ಟು ಒಳನುಗ್ಗಿ ಆಡಿದ ಎಂಬುದು ನನ್ನ ಖಾತ್ರಿ. ಕೊನೆಯಲ್ಲಿದ್ದ ತಂಡ ಲೀಗ್ ಹಂತದಲ್ಲಿ ಮೂರನೆಯದಾಯಿತು. ಪ್ಲೇಆಫ್‌ನಲ್ಲಿ ತೆಲುಗು ಟೈಟಾನ್ಸ್‌ಗೂ ಪಟ್ನಾ ಪೈರೇಟ್ಸ್‌ಗೂ ಸೋತು ಹೊರಬಿತ್ತು.

ಮುಂದಿನ ಜಾತ್ರೆಗೆ ನಮ್ಮ ಕಡೆ ಬಂದರೆ ಕಬಡ್ಡಿ ಬಯಲಿಗೂ ಬನ್ನಿ. ಶಿಳ್ಳೆಯೆಲ್ಲ ರೈಡರ್‌ಗೇ ಬೀಳುತ್ತದೆ, ಬೀಳಲಿ. ನೀವು ಎಡ ಕಾರ್ನರ್‌ನಲ್ಲಿ ಬಗ್ಗಿ ನಿಂತ ಹುಡುಗನನ್ನು ನೋಡಿ, ಅವನು ಹಿಮ್ಮಡಿ ಹಿಡಿದಾಗ ಅವನ ಹೆಸರು ಕೇಳಿಕೊಂಡು ಒಂದು ಚಪ್ಪಾಳೆ ಹೊಡೆಯಿರಿ.