ಹೊಸ ಪೆಟ್ಟಿಗೆಯಲ್ಲಿ ಸಿಡಿಗೆ ಜಾಗವಿದೆಯೇ?

ಆರೇಳು ವರ್ಷಕ್ಕೊಮ್ಮೆ ವಿಡಿಯೋ ಗೇಮ್ ಪೇಟೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಹೊಸ ತಲೆಮಾರಿನ ಕನ್ಸೋಲ್‌ಗೆ ಗ್ರಾಹಕರು ಸಿದ್ಧರಿದ್ದಾರೆಯೇ? ಕೇಳುವವರು ಮಾರುವವರು. ಕೊಳ್ಳುವವರ ಮನೆಯಲ್ಲಿ ಇದು ಬೇರೆ ರೂಪದಲ್ಲಿ ಬರುತ್ತದೆ. ಒಂಬತ್ತನೇ ತರಗತಿಯ ನನ್ನ ಮಗ ‘ಅಪ್ಪಾ, ಪಿಎಸ್ ಸಿಕ್ಸ್ ಬರುತ್ತಂತೆ’ ಎಂದರೆ ಅದು ಸುದ್ದಿಯಲ್ಲ, ಅರ್ಜಿ ಎಂದು ಮನೆಯವರಿಗೆಲ್ಲ ಗೊತ್ತು. 2025ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಎಎಂಡಿ ಜೊತೆಗೂಡಿ ಮುಂದಿನ ಎಕ್ಸ್‌ಬಾಕ್ಸ್‌ಗೆ ಚಿಪ್ ರೂಪಿಸುವುದಾಗಿ ಸಾರಿತು. ಅಕ್ಟೋಬರಿನಲ್ಲಿ ಸೋನಿಯ ಪಿಎಸ್4, ಪಿಎಸ್5ಗಳ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ, ಇನ್ನು ಕೆಲವು ವರ್ಷಗಳಲ್ಲಿ ಬರಲಿರುವ ಯಂತ್ರದ ಮಾತೆತ್ತಿದರು. ಹೆಸರನ್ನು ಅವರು ಹೇಳಲಿಲ್ಲ. ಮಕ್ಕಳು ಆಗಲೇ ನಾಮಕರಣ ಮುಗಿಸಿಬಿಟ್ಟಿದ್ದರು.

ಇದರ ಗಂಧಗಾಳಿ ಇಲ್ಲದ ತಂದೆತಾಯಂದಿರಿಗಾಗಿ ಒಂದೆರಡು ಮಾತು. ಕನ್ಸೋಲ್ ಎಂದರೆ ಟಿವಿಗೆ ಜೋಡಿಸಿ ಆಡುವುದಕ್ಕೆಂದೇ ಮಾಡಿದ ಕಂಪ್ಯೂಟರ್. ಅದರ ವ್ಯಾಪಾರದ ಗುಟ್ಟು ನಮ್ಮ ಮನೆಗಳ ಪ್ರಿಂಟರಿನಂಥದ್ದೇ. ಯಂತ್ರ ಅಗ್ಗ, ಶಾಯಿ ದುಬಾರಿ. 2021ರಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು, ಎಕ್ಸ್‌ಬಾಕ್ಸ್ ಯಂತ್ರದ ಮಾರಾಟದಿಂದ ಕಂಪನಿಗೆ ಎಂದೂ ಲಾಭ ಬಂದಿಲ್ಲವೆಂದು ಸಾಕ್ಷ್ಯ ನುಡಿದರು. ಲಾಭವೆಲ್ಲ ಆಟಗಳಲ್ಲಿ. ಯಾರು ತಯಾರಿಸಿದ ಆಟವೇ ಆಗಲಿ, ಮಾರಾಟವಾದಾಗಲೆಲ್ಲ ಯಂತ್ರದ ಒಡೆಯನಿಗೆ ಒಂದು ಪಾಲು ಸಲ್ಲುತ್ತದೆ. ಆದರೆ ನೀವು ಆಡಿ ಮುಗಿಸಿದ ಸಿಡಿಯನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟರೆ ಆ ಪಾಲು ಸೊನ್ನೆ. ಈ ಸೊನ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದಿನ ಕತೆಯೆಲ್ಲ ಅದರದ್ದೇ.

ನಾನು ತುಮಕೂರಿನಲ್ಲಿ ಹೈಸ್ಕೂಲು ಓದುತ್ತಿದ್ದ ತೊಂಬತ್ತರ ದಶಕದಲ್ಲಿ ‘ತಲೆಮಾರು’ ಎಂಬ ಮಾತೇ ಇರಲಿಲ್ಲ. ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಇತ್ತು, ಅದಕ್ಕೆ ಹಾಕುವ ಕ್ಯಾಸೆಟ್ ಇತ್ತು, ಅಷ್ಟೆ. ಕ್ಯಾಸೆಟ್‌ನ ಮೇಲೆ 9999 ಆಟ ಎಂದು ಬರೆದಿರುತ್ತಿತ್ತು. ಎಣಿಸಿ ನೋಡಿದರೆ ಹತ್ತಿಪ್ಪತ್ತು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಮಾರಿಯೋ, ಕಾಂಟ್ರಾ, ಬಾತುಕೋಳಿಗೆ ಗುಂಡು ಹೊಡೆಯುವ ಆಟ. ನಾವು ಆಡುತ್ತಿದ್ದದ್ದು ನಿಂಟೆಂಡೊ ಕಂಪನಿಯು 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ಅಗ್ಗದ ನಕಲು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿನವರು 1990ರಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ದಾಟಿದ್ದರು. 1994ರ ಡಿಸೆಂಬರಿನಲ್ಲಿ ಮೊದಲ ಪ್ಲೇಸ್ಟೇಷನ್ ಕೂಡ ಅಲ್ಲಿ ಬಂದಾಗಿತ್ತು. ಎರಡು ತಲೆಮಾರು ಹಿಂದಿದ್ದೆವು, ನಿಜ. ಆದರೆ ಬೇಸಿಗೆ ರಜೆಯಲ್ಲಿ ಕರೆಂಟು ಹೋದಾಗ ಆದ ದುಃಖ ಟೋಕಿಯೋದ ಹುಡುಗನ ದುಃಖಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ.

ಆ ಆಟ ನಮ್ಮ ಕೈಗೆಟುಕಿದ್ದು ಒಂದೇ ಕಾರಣಕ್ಕೆ, ಕ್ಯಾಸೆಟ್ ಕೈ ಬದಲಾಗುತ್ತಿತ್ತು. ನಮ್ಮ ಬೀದಿಯ ಏಳು ಹುಡುಗರ ನಡುವೆ ಯಂತ್ರಗಳು ಎರಡು, ಕ್ಯಾಸೆಟ್‌ಗಳು ನಾಲ್ಕು. ಹಳೆಯದನ್ನು ಅಂಗಡಿಗೆ ಕೊಟ್ಟು, ಮೇಲೆ 20 ರೂಪಾಯಿ ಇಟ್ಟರೆ ಬೇರೆಯದು ಸಿಗುತ್ತಿತ್ತು. ಅಣ್ಣನ ಪಠ್ಯಪುಸ್ತಕ ತಮ್ಮನಿಗೆ ಬರುವಷ್ಟೇ ಸಹಜವಾಗಿ ನಡೆಯುತ್ತಿದ್ದ ವ್ಯವಹಾರ ಅದು.

ಈಗ 2013ಕ್ಕೆ ಬರೋಣ. ಗ್ರಾಹಕರು ಯಾವುದಕ್ಕೆ ಸಿದ್ಧರಿಲ್ಲ ಎಂದು ಇಡೀ ಉದ್ಯಮಕ್ಕೆ ಮನದಟ್ಟಾದ ವರ್ಷ ಅದು. ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರವನ್ನು ಪರಿಚಯಿಸಿತು. ಜೂನ್‌ನಲ್ಲಿ ಅದರ ನಿಯಮಗಳು ಹೊರಬಿದ್ದವು. ಯಂತ್ರ 24 ಗಂಟೆಗೊಮ್ಮೆಯಾದರೂ ಇಂಟರ್ನೆಟ್ ಮೂಲಕ ಕಂಪನಿಗೆ ಹಾಜರಿ ಹಾಕಬೇಕು. ಹಾಕದಿದ್ದರೆ ಆಟ ಬಂದ್. ಸಿಡಿಯನ್ನು ಗೆಳೆಯನಿಗೆ ಕೊಡಬಹುದು, ಆದರೆ ಅವನು ನಿಮ್ಮ ಪಟ್ಟಿಯಲ್ಲಿ 30 ದಿನಗಳಿಂದಲಾದರೂ ಗೆಳೆಯನಾಗಿರಬೇಕು. ಒಂದು ಆಟವನ್ನು ಹಾಗೆ ಕೊಡಲು ಅವಕಾಶ ಒಂದೇ ಬಾರಿ. ಗೆಳೆತನಕ್ಕೂ ಪ್ರೊಬೇಷನರಿ ಅವಧಿ! ಇಂಟರ್ನೆಟ್ ಇಲ್ಲದವರು ಏನು ಮಾಡಬೇಕು ಎಂದು ಕೇಳಿದ್ದಕ್ಕೆ, ಅವರಿಗೆ ಹಳೆಯ ಎಕ್ಸ್‌ಬಾಕ್ಸ್ 360 ಇದೆಯಲ್ಲ ಎಂಬರ್ಥದ ಉತ್ತರ ಕಂಪನಿಯ ಹಿರಿಯ ಅಧಿಕಾರಿಯಿಂದಲೇ ಬಂತು.

ಅದೇ ವಾರ ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ಸೋನಿಯವರು ವೇದಿಕೆ ಹತ್ತಿ, ಪಿಎಸ್4ರಲ್ಲಿ ಹಳೆಯ ಸಿಡಿಗಳಿಗೆ ಯಾವ ನಿರ್ಬಂಧವೂ ಇಲ್ಲ ಎಂದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಯೋಚಿಸಿ ನೋಡಿ, ಯಾವುದೋ ಹೊಸ ಚಮತ್ಕಾರಕ್ಕಲ್ಲ, ಇರುವುದನ್ನು ಇದ್ದಂತೆಯೇ ಬಿಟ್ಟದ್ದಕ್ಕೆ ಆ ಚಪ್ಪಾಳೆ. ‘ಪಿಎಸ್4ರ ಆಟವನ್ನು ಹಂಚಿಕೊಳ್ಳುವುದು ಹೇಗೆ’ ಎಂಬ ಅರ್ಧ ನಿಮಿಷಕ್ಕೂ ಕಡಿಮೆಯ ಒಂದು ಚಿತ್ರವನ್ನೂ ಅವರು ಹೊರಬಿಟ್ಟರು. ಒಬ್ಬ ಇನ್ನೊಬ್ಬನ ಕೈಗೆ ಸಿಡಿ ಕೊಡುತ್ತಾನೆ, ಅವನು ಥ್ಯಾಂಕ್ಸ್ ಹೇಳುತ್ತಾನೆ, ಮುಗಿಯಿತು. ಜೂನ್ 19ಕ್ಕೆ ಮೈಕ್ರೋಸಾಫ್ಟ್ ಆ ನಿಯಮಗಳನ್ನು ಹಿಂತೆಗೆದುಕೊಂಡಿತು. ಆದರೂ ಆದ ಪೆಟ್ಟು ಆಗಿತ್ತು. ಪಿಎಸ್4 ತಮ್ಮದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮಾರಾಟವಾಯಿತೆಂದು 2022ರಲ್ಲಿ ಬ್ರೆಜಿಲ್ ಸರ್ಕಾರಕ್ಕೆ ಸಲ್ಲಿಸಿದ ದಾಖಲೆಯಲ್ಲಿ ಮೈಕ್ರೋಸಾಫ್ಟೇ ಹೇಳಿತು. ಎಕ್ಸ್‌ಬಾಕ್ಸ್‌ಗೆ 499 ಡಾಲರ್, ಪಿಎಸ್4ಗೆ 399 ಡಾಲರ್ ಎಂಬ ಬೆಲೆಯ ಅಂತರವೂ ಕೆಲಸ ಮಾಡಿತ್ತು ಅನ್ನಿ. ಆದರೂ ಜನಕ್ಕೆ ಸಿಟ್ಟು ಬಂದದ್ದು ನೂರು ಡಾಲರಿಗಲ್ಲ, ಗೆಳೆಯನಿಗೆ ಕೊಡಬೇಡ ಎಂದದ್ದಕ್ಕೆ.

ನಿಯಮ ಮಾಡಿ ಗೆಲ್ಲಲಾಗದ್ದನ್ನು ಉದ್ಯಮ ಆಮೇಲೆ ಬೇರೆ ದಾರಿಯಲ್ಲಿ ಗೆಲ್ಲುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಸಿಡಿ ಹಾಕುವ ಬಾಯಿಯೇ ಇಲ್ಲದಿದ್ದರೆ ಸಿಡಿ ಕೊಡಬೇಡಿ ಎಂದು ಹೇಳುವ ಅಗತ್ಯವೇ ಇಲ್ಲವಲ್ಲ! 2020ರಲ್ಲಿ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಸಿಡಿ ಡ್ರೈವ್ ಇರಲಿಲ್ಲ. ಪಿಎಸ್5ರ ಡಿಜಿಟಲ್ ಮಾದರಿಗೂ ಇರಲಿಲ್ಲ. 2024ರ ನವೆಂಬರಿನಲ್ಲಿ ಸುಮಾರು 700 ಡಾಲರಿಗೆ ಬಂದ ಪಿಎಸ್5 ಪ್ರೋ ಎಂಬ ದುಬಾರಿ ಯಂತ್ರಕ್ಕೂ ಡ್ರೈವ್ ಬೇಕಾದರೆ ಇನ್ನೂ 80 ಡಾಲರ್ ಬೇರೆಯಾಗಿ ತೆರಬೇಕಿತ್ತು. 2025ರ ಜೂನ್ 5ರಂದು ಬಂದ ನಿಂಟೆಂಡೊ ಸ್ವಿಚ್ 2ರ ಕೆಲವು ಆಟಗಳದ್ದಂತೂ ವಿಚಿತ್ರ. ಅಂಗಡಿಯಲ್ಲಿ ಕಾರ್ಡು ಕೊಳ್ಳುತ್ತೀರಿ, ಕಾರ್ಡಿನೊಳಗೆ ಆಟ ಇರುವುದಿಲ್ಲ, ಬೀಗದ ಕೈ ಮಾತ್ರ ಇರುತ್ತದೆ. ಆಟವನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಆದರೂ ಆ ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಡಬಹುದು, ಮಾರಬಹುದು. ಅಷ್ಟು ಉಪಕಾರ ಉಳಿದಿದೆ.

‘ಸಿಡಿ ಗೀಚು ಬಿದ್ರೆ ಏನ್ಮಾಡ್ತೀಯಪ್ಪಾ? ಡೌನ್‌ಲೋಡ್ ಮಾಡಿದ್ದು ಗೀಚು ಬೀಳಲ್ಲ. ಸೇಲ್‌ನಲ್ಲಿ ಅರ್ಧ ಬೆಲೆಗೂ ಸಿಗುತ್ತೆ’ ಎಂಬುದು ನನ್ನ ಮಗನ ವಾದ. ತಳ್ಳಿಹಾಕುವ ಮಾತಲ್ಲ. ಈಗಿನ ಎಷ್ಟೋ ಸಿಡಿಗಳನ್ನು ಹಾಕಿದ ಮೇಲೂ ತಿದ್ದುಪಡಿಗಳನ್ನು ಇಳಿಸಿಕೊಳ್ಳುತ್ತಾ ಕೂರಬೇಕು ಎಂಬುದೂ ನಿಜ. ಆದರೆ ನಾನು ಅವನಿಗೆ ಇನ್ನೊಂದು ಪಟ್ಟಿ ಹೇಳಿದೆ. 2023ರ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಆನ್‌ಲೈನ್ ಅಂಗಡಿಯನ್ನು ಮುಚ್ಚಿತು. 2024ರ ಜುಲೈನಲ್ಲಿ ಎಕ್ಸ್‌ಬಾಕ್ಸ್ 360ರ ಅಂಗಡಿಯೂ ಮುಚ್ಚಿತು. ಹಿಂದೆ ಕೊಂಡವರು ಮತ್ತೆ ಇಳಿಸಿಕೊಳ್ಳಲು ಅವಕಾಶ ಇಟ್ಟರು, ಹೊಸದಾಗಿ ಕೊಳ್ಳುವಂತಿಲ್ಲ. 2024ರ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ‘ದಿ ಕ್ರೂ’ ಎಂಬ ಕಾರಿನ ಆಟದ ಸರ್ವರ್ ನಿಲ್ಲಿಸಿದಾಗ ದುಡ್ಡು ಕೊಟ್ಟು ಕೊಂಡವರೂ ಆಡಲಾರದೆ ಹೋದರು. ಸಿಡಿ ಇದ್ದವರ ಗತಿಯೂ ಅದೇ ಆಯಿತು. ಕ್ಯಾಲಿಫೋರ್ನಿಯಾ ರಾಜ್ಯವಂತೂ, ಇಂಥ ಮಾರಾಟದಲ್ಲಿ ‘ಕೊಳ್ಳಿ’ ಎಂದು ಬರೆಯುವವರು ನೀವು ಪಡೆಯುತ್ತಿರುವುದು ಬಳಸುವ ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕಾನೂನು ಮಾಡಿತು. ಅದು 2025ರ ಜನವರಿ 1ರಿಂದ ಜಾರಿಗೆ ಬಂತು.

ಬೆಲೆಯ ಮಾತು. ಮೊದಲೆಲ್ಲ ಕಾಯುವುದೇ ಬಡವರ ಬುದ್ಧಿವಂತಿಕೆಯಾಗಿತ್ತು. ಪಿಎಸ್2 ಅಮೆರಿಕದಲ್ಲಿ 2000ದಲ್ಲಿ 299 ಡಾಲರಿಗೆ ಬಂತು, 2002ರಲ್ಲಿ 199ಕ್ಕೆ ಇಳಿಯಿತು, 2009ರಲ್ಲಿ 99 ಆಯಿತು. ಹಿಂದಿನ ಪ್ಲೇಸ್ಟೇಷನ್ನಿನ ಸಿಡಿಗಳೂ ಅದರಲ್ಲಿ ನಡೆಯುತ್ತಿದ್ದವು, ಸಿನಿಮಾ ಡಿವಿಡಿಯೂ ನಡೆಯುತ್ತಿತ್ತು. 16 ಕೋಟಿ ಯಂತ್ರಗಳು ಮಾರಾಟವಾದದ್ದು ಸುಮ್ಮನೆ ಅಲ್ಲ. ಈಗ ಗಂಗೆ ಹಿಂದಕ್ಕೆ ಹರಿಯುತ್ತಿದೆ. ಪಿಎಸ್5 ಭಾರತಕ್ಕೆ ಬಂದ 2021ರ ಫೆಬ್ರುವರಿಯಲ್ಲಿ ಡ್ರೈವ್ ಇರುವ ಮಾದರಿಗೆ 49,990 ರೂಪಾಯಿ. 2022ರ ನವೆಂಬರಿನಲ್ಲಿ 54,990. ಅಮೆರಿಕದಲ್ಲಿ 2025ರ ಆಗಸ್ಟ್‌ನಲ್ಲಿ ಅದರ ಬೆಲೆ 50 ಡಾಲರ್ ಏರಿತು. ಚಿಪ್ಪುಗಳು ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿದ್ದ ಕಾಲ ಮುಗಿದದ್ದು ಒಂದು ಕಾರಣ, ಸುಂಕ ಮತ್ತು ಹಣದುಬ್ಬರ ಇನ್ನೊಂದು. ಹಾಗಾಗಿ 2024ರ ಮೇ ತಿಂಗಳಲ್ಲಿ ಸೋನಿಯೇ ಕೊಟ್ಟ ಲೆಕ್ಕ ನನಗೆ ಆಶ್ಚರ್ಯವೆನಿಸಲಿಲ್ಲ. ಹೊಸ ಯಂತ್ರ ಬಂದು ಮೂರೂವರೆ ವರ್ಷವಾಗಿದ್ದರೂ ಪ್ರತಿ ತಿಂಗಳು ಆಡುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಹಳೆಯ ಪಿಎಸ್4ರಲ್ಲೇ ಇದ್ದರು. 2025ರ ಫುಟ್‌ಬಾಲ್ ಆಟ ಇಎ ಎಫ್‌ಸಿ 26 ಕೂಡ ಪಿಎಸ್4ಗೆ ಬಂತು. ಗ್ರಾಹಕರು ಸಿದ್ಧರಿದ್ದಾರೆಯೇ ಎಂದು ಕೇಳುವವರಿಗೆ ಉತ್ತರ ಅವರ ಪುಸ್ತಕದಲ್ಲೇ ಇದೆ.

ನಮ್ಮದೂ ಪಿಎಸ್4. 2022ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ, ನಾಲ್ಕು ಸಿಡಿಗಳ ಸಮೇತ 15 ಸಾವಿರಕ್ಕೆ ತಂದದ್ದು. ಆ ನಾಲ್ಕು ಸಿಡಿಗಳು ಮೂರು ವರ್ಷಗಳಲ್ಲಿ ಏನೇನಾದವು ಎಂಬುದು ನಮ್ಮ ಮನೆಯ ಸ್ವಾರಸ್ಯಕರ ಇತಿಹಾಸ. ಮಗನ ಬಳಿ ಅದಕ್ಕೊಂದು ನೋಟ್‌ಬುಕ್ ಇದೆ. ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟಗಳು ಎಂದರೆ ಸರಿ. ಯಾರಿಗೆ ಯಾವ ಸಿಡಿ ಹೋಯಿತು, ಯಾವ ದಿನ ಬರಬೇಕು, ಬದಲಿಗೆ ಏನು ಬಂತು, ಎಲ್ಲವೂ ಮುಂದಿನ ಪುಟಗಳಲ್ಲಿ ಕಾಣದ ಶಿಸ್ತಿನಲ್ಲಿ ದಾಖಲಾಗಿವೆ. ಈ ವ್ಯವಹಾರದಲ್ಲಿ ಐದು ಹುಡುಗರಿದ್ದಾರೆ. ಅವರಲ್ಲೊಬ್ಬನ ತಂದೆ ಆಟೋ ಓಡಿಸುತ್ತಾರೆ. ಆ ಹುಡುಗ ಇದುವರೆಗೆ ಒಂದೇ ಒಂದು ಸಿಡಿ ಕೊಂಡಿದ್ದಾನೆ. ಹಂಚಿಕೊಂಡು ಆಡಿದ ಆಟಗಳು ಹತ್ತೊಂಬತ್ತು. ಪಿಎಸ್5 ಬಂದ ಹೊಸದರಲ್ಲಿ ದೊಡ್ಡ ಆಟವೊಂದರ ಬೆಲೆ 4,999 ರೂಪಾಯಿ ಇತ್ತೆಂದರೆ ಈ ಹತ್ತೊಂಬತ್ತರ ತೂಕ ತಿಳಿಯುತ್ತದೆ. ಇನ್ನು ಡೌನ್‌ಲೋಡ್ ಮಾಡೋಣವೆಂದರೆ, 100 ಜಿಬಿಯ ಆಟವನ್ನು ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಇಳಿಸಲು 67 ದಿನ ಬೇಕು. ಅವರ ಮನೆಯಲ್ಲಿರುವುದು ಅದೇ ಪ್ಯಾಕು.

ಈ ಲೆಕ್ಕ ಹಾಕುವಾಗ ನನಗೆ ಬೆಂಗಳೂರಿನ ಅವೆನ್ಯೂ ರಸ್ತೆ ನೆನಪಾಗುತ್ತದೆ. ಜೂನ್ ತಿಂಗಳಲ್ಲಿ ಹಳೆಯ ಪಠ್ಯಪುಸ್ತಕಗಳ ರಾಶಿಯ ಮುಂದೆ ನಿಂತ ತಂದೆಯರಲ್ಲಿ ಯಾರೂ ಪ್ರಕಾಶಕರಿಗೆ ನಷ್ಟ ಮಾಡುತ್ತಿದ್ದೇನೆಂದು ತಲೆ ತಗ್ಗಿಸುವುದಿಲ್ಲ. ಪುಸ್ತಕ ಕೊಂಡವನದ್ದು, ಓದಿ ಮುಗಿಸಿದ ಮೇಲೆ ಮಾರುವುದು, ದಾನ ಕೊಡುವುದು, ಮೇಜಿನ ಕಾಲಿಗೆ ಆನಿಸುವುದು ಅವನಿಷ್ಟ. ಆಟದ ಸಿಡಿಗೂ ಅದೇ ನ್ಯಾಯ ಇಷ್ಟು ವರ್ಷ ನಡೆಯಿತು. ಆಟ ತಯಾರಿಸುವವರು ಹೊಟ್ಟೆಗೆ ಏನು ತಿನ್ನಬೇಕು ಎಂದು ಕೇಳಬಹುದು. ಕೈಯಿಂದ ಕೈಗೆ ಹೋದ ಸಿಡಿಯಲ್ಲಿ ಆಡಿ ರುಚಿ ಹತ್ತಿದ ಹುಡುಗನೇ ನಾಲ್ಕು ಕಾಸು ಸಂಪಾದಿಸುವಾಗ ಹೊಸದನ್ನು ಕೊಳ್ಳುತ್ತಾನೆ ಎಂಬುದು ನನ್ನ ಉತ್ತರ. ನಾನೇ ಅದಕ್ಕೆ ಸಾಕ್ಷಿ. ನಕಲು ಯಂತ್ರದಲ್ಲಿ ಮಾರಿಯೋ ಆಡಿದವನು ನೌಕರಿ ಸಿಕ್ಕ ಮೇಲೆ ಪೂರ್ತಿ ಬೆಲೆ ಕೊಟ್ಟು ಪಿಎಸ್2 ತಂದೆ.

ಈಚೆಗೆ ಹಳೆಯ ಕನ್ಸೋಲ್ ಕೊಂಡು ಮಾರುವ ಅಂಗಡಿಯೊಂದಕ್ಕೆ ಹೋಗಿದ್ದೆ. ನಮ್ಮ ಪಿಎಸ್4 ಕೊಟ್ಟರೆ ಏನು ಸಿಗುತ್ತದೆ ಎಂದು ವಿಚಾರಿಸಿದೆ. ಆತ ಬೆಲೆ ಹೇಳುವ ಮೊದಲು ‘ಡ್ರೈವ್ ಚೆನ್ನಾಗಿದ್ಯಾ ಸಾರ್?’ ಎಂದು ಕೇಳಿದ. ಡ್ರೈವ್ ಇಲ್ಲದ ಮಾದರಿಗಳನ್ನೂ ತಗೋತೀರಾ ಎಂದೆ. ‘ತಗೋತೀವಿ. ಆದ್ರೆ ಅದಕ್ಕೆ ಜತೆಗೆ ಕೊಡೋಕೆ ನಿಮ್ಹತ್ರ ಏನೂ ಇರಲ್ವಲ್ಲ ಸಾರ್, ಎಲ್ಲಾ ನಿಮ್ಮ ಅಕೌಂಟಲ್ಲೇ ಉಳ್ಕೊಳುತ್ತೆ’ ಎಂದ.

ಮನೆಗೆ ಬಂದು ಮಗನೊಂದಿಗೆ ಒಂದು ಒಪ್ಪಂದಕ್ಕೆ ಬಂದೆ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಹೊಸ ಯಂತ್ರದ ಮಾತಿಲ್ಲ, ಅದು ಅವನ ತಾಯಿಯ ಷರತ್ತು. ಆಮೇಲೆ ಯಾವುದೇ ಕಂಪನಿಯದು ಬರಲಿ, ಸಿಡಿ ಹಾಕಲು ಜಾಗ ಇದೆಯೇ, ಈಗಿರುವ ಸಿಡಿಗಳು ಅದರಲ್ಲಿ ನಡೆಯುತ್ತವೆಯೇ ಎಂದು ಮೊದಲು ನೋಡುವುದು, ಇದು ನನ್ನದು. ಅವನು ಒಂದು ನಿಮಿಷ ಯೋಚಿಸಿ, ಹಾಗಾದರೆ ಹೊರಗಿರುವ ಸಿಡಿಗಳನ್ನೆಲ್ಲ ಮೊದಲು ವಾಪಸ್ ತರಿಸಬೇಕು ಎಂದು ಗಣಿತದ ನೋಟ್‌ಬುಕ್ ತೆರೆದ. ಲೆಕ್ಕದ ಪ್ರಕಾರ ಮೂರು ಬರಬೇಕಿತ್ತು. ಅದರಲ್ಲೊಂದು ದಸರಾ ರಜೆಗೆ ಹೋದದ್ದು ಇನ್ನೂ ಹಾಸನದಲ್ಲಿ ಯಾರದೋ ಅತ್ತೆಯ ಮನೆಯಲ್ಲಿದೆಯಂತೆ.