ಸಿಂಗಟಗೆರೆಯ ಕೊಟ್ಟಿಗೆಯಲ್ಲೊಂದು ವಿಮಾನಯಂತ್ರ

ಕಳೆದ ಮಾಘಮಾಸದಲ್ಲಿ ನಾವು ಕಡೂರಿನಲ್ಲಿ ರೈಲಿನಿಂದಿಳಿದು, ಬಸ್ಸು ಹತ್ತಿ ಸಿಂಗಟಗೆರೆಗೆ ಹೋಗಿದ್ದೆವು. ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಕಾಫಿಯ ತೋಟಗಳನ್ನು ನೆನೆಯುವ ವಾಚಕರಿಗೆ ಈ ಸೀಮೆಯು ಆಶ್ಚರ್ಯವನ್ನುಂಟುಮಾಡುವುದು. ಘಟ್ಟದ ಮಳೆ ತಲುಪದ ಬಯಲು, ತೆಂಗು, ರಾಗಿಯ ಹೊಲ, ಮೇಲೆ ತಡೆಯಿಲ್ಲದ ಆಕಾಶ. ಆ ಆಕಾಶವೇ ನಮ್ಮ ಹಳೆಯ ಶಿಷ್ಯನೊಬ್ಬನ ತಲೆ ಕೆಡಿಸಿದೆಯೆಂದು ಅವನ ತಾಯಿ ನಮಗೆ ಹೇಳಿಕಳುಹಿಸಿದ್ದರು.

ಪಂಪು, ಟ್ರಾಕ್ಟರುಗಳ ರಿಪೇರಿಯೇ ಶಿಷ್ಯನ ಜೀವನೋಪಾಯ. ಹಿಂದೆ ಎತ್ತುಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ, ಗುಜರಿಯಿಂದ ತಂದ ಮಾರುತಿ 800 ಕಾರಿನ ಎಂಜಿನು ಕಬ್ಬಿಣದ ಚೌಕಟ್ಟಿನ ಮೇಲೆ ಕುಳಿತಿತ್ತು. ಮೂರು ಸಿಲಿಂಡರು, 796 ಘನ ಸೆಂಟಿಮೀಟರು. ಅದಕ್ಕೆ ಮರದ ಪಂಖವನ್ನು ಜೋಡಿಸಿ ಒಬ್ಬನು ಕೂರುವ ವಿಮಾನವನ್ನು ರಚಿಸಬೇಕೆಂಬುದು ಅವನ ಸಂಕಲ್ಪ.

"ಮೇಷ್ಟ್ರೇ, ನೀವಾದರೂ ಬುದ್ಧಿ ಹೇಳಿ" ಎಂದರು ತಾಯಿ. 2023ರ ಆಗಸ್ಟಿನಲ್ಲಿ ನೆರೆಯ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ತಪಸ್ ಎಂಬ ಚಾಲಕರಹಿತ ವಿಮಾನವು ಪರೀಕ್ಷೆಯ ವೇಳೆ ಬಿದ್ದ ಸುದ್ದಿ ಆಕೆಯ ಮನಸ್ಸಿನಲ್ಲಿ ನಟ್ಟಿತ್ತು. ಅದರಲ್ಲಿ ಆಳಿರಲಿಲ್ಲ, ಇದರಲ್ಲಿ ಮಗನಿರುವನು.

ಪುಷ್ಪಕವನ್ನು ಮೂವತ್ತು ವರುಷ ಪಾಠ ಹೇಳಿದ ನಮಗೆ ಅದರ ಎಂಜಿನಿನ ವಿಚಾರವನ್ನು ಯಾವ ಕವಿಯೂ ತಿಳಿಸಲಿಲ್ಲ. ಆದುದರಿಂದ ಶಿಷ್ಯನೇ ಅಂದು ಗುರುವಾದನು.

ಕಾರು ದಾರಿಯಲ್ಲಿ ಬಹುತೇಕ ತನ್ನ ಶಕ್ತಿಯ ಒಂದಂಶವನ್ನೇ ವ್ಯಯಿಸುತ್ತದೆ. ವಿಮಾನವಾದರೋ ಏರುವಾಗ ಸರ್ವಶಕ್ತಿಯನ್ನೂ, ಸಾಗುವಾಗ ಸುಮಾರು ಮುಕ್ಕಾಲು ಪಾಲನ್ನೂ ಎಡೆಬಿಡದೆ ಬೇಡುತ್ತದೆ. ನೀರು ಕುದಿದರೆ ಹುಣಿಸೆಮರದ ನೆರಳಿನಲ್ಲಿ ನಿಲ್ಲಿಸುವಂತಿಲ್ಲ. ಈ ಎಂಜಿನಿನ ಪೂರ್ಣಬಲ ಹೊರಡುವುದು ಮಿನಿಟಿಗೆ 5000 ಸುತ್ತುಗಳ ಮೇಲೆ. ಅಷ್ಟು ವೇಗದಲ್ಲಿ ದೊಡ್ಡ ಪಂಖವನ್ನು ತಿರುಗಿಸಿದರೆ ಅದರ ತುದಿ ಶಬ್ದದ ವೇಗವನ್ನು ಮುಟ್ಟಿ, ಎಳೆಯುವುದಕ್ಕಿಂತ ಅರಚುವುದೇ ಹೆಚ್ಚಾಗುವುದು. ಅದಕ್ಕಾಗಿ ಹಲ್ಲಿನ ಬೆಲ್ಟಿನಿಂದ ವೇಗವನ್ನು ಅರ್ಧಕ್ಕಿಳಿಸಿದ್ದನು. ಪಂಖದ ಎಳೆತವನ್ನು ಹೊರಲು ಬೇರೊಂದು ಬೇರಿಂಗನ್ನೂ ಕೂರಿಸಿದ್ದನು. ಕಿಡಿಯದೊಂದೇ ಚಿಂತೆ: ಸಾಮಾನ್ಯವಾಗಿ ವಿಮಾನಯಂತ್ರದ ಒಂದೊಂದು ಸಿಲಿಂಡರಿಗೂ ಎರಡೆರಡು ಪ್ಲಗ್ಗುಗಳು, ಎರಡು ಪ್ರತ್ಯೇಕ ಏರ್ಪಾಡುಗಳು, ಇಲ್ಲಿದ್ದುದು ಒಂದೇ.

"ಇದು ಹುಚ್ಚೆನ್ನಬೇಡಿ, ಮೇಷ್ಟ್ರೇ" ಎಂದು ಅವನು ಪೂರ್ವಸೂರಿಗಳನ್ನು ಹೇಳಿದನು. ಅಮೆರಿಕದ ಮಿನ್ನೆಸೋಟಾದ ಒಂದು ಹಳ್ಳಿಯಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬ ಮೆಕಾನಿಕನು 1930ರ ಸುಮಾರಿಗೆ ಫೋರ್ಡ್ ಮಾಡೆಲ್ ಎ ಕಾರಿನ ನಾಲ್ವತ್ತು ಅಶ್ವಶಕ್ತಿಯ ಎಂಜಿನಿನಿಂದ ಹಾರಿದನಂತೆ. ಕಾರಿನ ಕಿಡಿಯ ಏರ್ಪಾಡನ್ನು ತೆಗೆದು ಮ್ಯಾಗ್ನೆಟೊ ಇಟ್ಟನು; ರೇಡಿಯೇಟರನ್ನು ಸವಾರರ ಕಣ್ಣಿಗೆ ಅಡ್ಡಲಾಗಿಯೇ ನಿಲ್ಲಿಸಿದನು. ಆಸ್ಟ್ರಿಯಾದಲ್ಲಿ ಮರ್ಸಿಡಿಸ್ ಕಾರಿನ ಡೀಸೆಲ್ ಎಂಜಿನಿನಿಂದಲೇ ವಿಮಾನದ ಎಂಜಿನನ್ನು ಮಾಡಿರುವರು. ಅಲ್ಲಿ ಗೇರುಪೆಟ್ಟಿಗೆಯು ಪಂಖದ ವೇಗವನ್ನು ಮಿನಿಟಿಗೆ 2300 ಸುತ್ತಿಗೆ ಇಳಿಸುತ್ತದೆ.

"ಅವರಿಗೆ ಪರೀಕ್ಷಾಶಾಲೆಯಿದೆಯಪ್ಪಾ. ನಿನಗೆ?" ಎಂದೆವು.

ಅವನು ಗೂಡಿನಿಂದ ಒಂದು ನೋಟುಪುಸ್ತಕವನ್ನು ತೆಗೆದನು. ಎಂಜಿನನ್ನು ನೆಲಕ್ಕೆ ಬಿಗಿದು ಓಡಿಸಿದ ದಿನ, ವೇಳೆ, ಎಣ್ಣೆಯ ಕಾವು, ಎಲ್ಲವೂ ಅಚ್ಚುಕಟ್ಟಾಗಿತ್ತು. ನಮ್ಮ ತರಗತಿಯಲ್ಲಿ ಅವನ ಬರವಣಿಗೆ ಎಂದೂ ಹೀಗಿರಲಿಲ್ಲ! ಈವರೆಗೆ ಒಟ್ಟು ಹನ್ನೊಂದು ಗಂಟೆ. ನೂರು ತುಂಬಿ, ಕಿಡಿಗೆ ಎರಡನೆಯ ಏರ್ಪಾಡಾಗಿ, ಸರಕಾರದ ಅನುಮತಿ ಕೈಸೇರುವ ತನಕ ರೆಕ್ಕೆಯ ಮಾತನ್ನೆತ್ತುವುದಿಲ್ಲವೆಂದು ತಾಯಿಯ ಮುಂದೆ ನಮಗೆ ಮಾತು ಕೊಟ್ಟನು.

ಆಕೆ ಕ್ಷಣಕಾಲ ಸುಮ್ಮನಿದ್ದು, ಸೆರಗಿನ ತುದಿಯ ಗಂಟನ್ನು ಬಿಚ್ಚಿದರು. ಎಂಜಿನಿನ ಕೀಲಿಕೈ ಅಲ್ಲಿತ್ತು! ಪಂಖ ತಿರುಗಿತು, ಹಿತ್ತಿಲ ಕೋಳಿಗಳು ದಿಕ್ಕಾಪಾಲಾದವು, ನಮ್ಮ ಉತ್ತರೀಯವು ಬಾಗಿಲಾಚೆಗೆ ಹಾರಿತು. ಅರ್ಧ ಗಂಟೆಯಾದೊಡನೆ ಆಕೆ ತಾವೇ ಕೀಲಿಯನ್ನು ತಿರುಗಿಸಿ, ಮತ್ತೆ ಸೆರಗಿಗೆ ಕಟ್ಟಿಕೊಂಡು, ನಮಗೆ ಮಜ್ಜಿಗೆ ತರಲು ಒಳಗೆ ಹೋದರು.